ನಮ್ಮನೆ ಫೋಟೋಗಳಿಗೆ ನಮ್ಮನೆಯದೇ ಉಗ್ರಾಣ

ಫೋಟೋ ತೆಗೆಸುವುದೆಂದರೆ ಒಂದು ಹಬ್ಬವೇ ಆಗಿದ್ದ ಕಾಲವನ್ನು ನಮ್ಮ ವಯಸ್ಸಿನವರೆಲ್ಲ ಕಂಡಿದ್ದೇವೆ. ಉಯ್ಯಂಬಳ್ಳಿಯಿಂದ ಬಸ್ಸು ಹತ್ತಿ ಕನಕಪುರಕ್ಕೆ ಹೋಗಬೇಕು. ಮುಖಕ್ಕೆ ಪೌಡರು ಬಳಿದುಕೊಂಡು, ಸ್ಟುಡಿಯೋದ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲಬೇಕು. ಒಂದು ರೀಲಿಗೆ 36 ಚಿತ್ರ. ಮದುವೆಯಲ್ಲಿ ಎರಡು ರೀಲು ಮುಗಿಸಿದರೆ ಅದು ದೊಡ್ಡ ಮನೆಯ ಮದುವೆ! ತೊಳೆದು ಬಂದ ಫೋಟೋಗಳು ಆಲ್ಬಮ್ಮಿಗೆ, ಆಲ್ಬಮ್ಮು ಟ್ರಂಕಿಗೆ, ಟ್ರಂಕಿನ ಬೀಗದ ಕೈ ಅತ್ತೆಯ ಸೊಂಟಕ್ಕೆ. ಇದ್ದದ್ದು ಕೆಲವೇ ಫೋಟೋ ನಿಜ. ಆದರೆ ಯಾವುದು ಎಲ್ಲಿದೆ ಎಂದು ಮನೆಯ ಮಕ್ಕಳಿಗೂ ಗೊತ್ತಿತ್ತು.

ಈಗ ನೋಡಿ, ನನ್ನೊಬ್ಬಳ ಮೊಬೈಲಿನಲ್ಲೇ ನಾಲ್ಕು ಸಾವಿರ ಫೋಟೋ. ಅದರಲ್ಲಿ ಒಂದು ಸಾವಿರ 'ಶುಭೋದಯ'ದ ಗುಲಾಬಿ ಹೂವುಗಳು ಬಿಡಿ! ಉಳಿದ ಮೂರು ಸಾವಿರದಲ್ಲಿ ಮಗನ ಶಾಲೆಯ ನಾಟಕವಿದೆ, ಕಬ್ಬಾಳಮ್ಮನ ಗುಡಿಗೆ ಹೋದದ್ದಿದೆ, ಸಂಗಮದಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕೂತ ಅತ್ತಿಗೆ ನಾದಿನಿಯರಿದ್ದಾರೆ, ಹಣ್ಣಾದ ರೇಷ್ಮೆ ಹುಳುಗಳನ್ನು ಚಂದ್ರಂಕಿಗೆ ಬಿಡುತ್ತಿರುವ ನಮ್ಮತ್ತೆ ಇದ್ದಾರೆ. "ಇವೆಲ್ಲ ಎಲ್ಲಿವೆ?" ಎಂದರೆ "ಮೊಬೈಲಿನಲ್ಲಿ." "ಮೊಬೈಲ್ ಕೆಟ್ಟರೆ?" ಎಂದರೆ "ಕ್ಲೌಡ್‌ನಲ್ಲಿ ಇರ್ತವೆ ಬಿಡಿ." ಕ್ಲೌಡ್ ಎಂದರೆ ಮೋಡ ತಾನೆ? ಮೋಡವನ್ನೇ ನಂಬಿ ರಾಗಿ ಬಿತ್ತಿದವರ ಪಾಡು ಏನಾಗುತ್ತೆ ಅಂತ ನಮ್ಮ ಕಡೆಯ ರೈತರನ್ನು ಕೇಳಿ ನೋಡಿ.

ಈ ಮೋಡ ಆಕಾಶದಲ್ಲೇನೂ ಇಲ್ಲ. ಎಲ್ಲೋ ದೂರದಲ್ಲಿ, ಯಾರೋ ಕಂಪನಿಯವರು ಕಟ್ಟಿರುವ ದೊಡ್ಡ ಕಟ್ಟಡದೊಳಗಿನ ಕಂಪ್ಯೂಟರುಗಳು, ಅಷ್ಟೆ. ನಮ್ಮ ಫೋಟೋಗಳು ಅಲ್ಲಿ ಬಾಡಿಗೆ ಮನೆಯಲ್ಲಿ ಇದ್ದ ಹಾಗೆ. ಬಾಡಿಗೆ ಮನೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಮನೆಯ ಯಜಮಾನ ಕರಾರು ಬದಲಾಯಿಸಿದರೆ ಬಾಡಿಗೆದಾರ ಏನೂ ಮಾಡುವ ಹಾಗಿಲ್ಲ. ನಮ್ಮ ಹುಡುಗರೆಲ್ಲ ಒಂದು ಕಾಲದಲ್ಲಿ ಮುಗಿಬಿದ್ದಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಆಲ್ಬಮ್ ಇಡಲು ಚೆನ್ನಾಗಿದ್ದ ಪಿಕಾಸಾ 2016ರಲ್ಲಿ ನಿಂತಿತು. 2015ರಲ್ಲಿ ಬಂದ ಗೂಗಲ್ ಫೋಟೋಸ್ ಎಷ್ಟು ಬೇಕಾದರೂ ಪುಕ್ಕಟೆ ಇಟ್ಟುಕೊಳ್ಳಿ ಎಂದಿತ್ತು. 2021ರ ಜೂನ್ 1ರಿಂದ ಹೊಸದಾಗಿ ಹಾಕುವುದೆಲ್ಲ 15 ಜಿ.ಬಿ. ಲೆಕ್ಕಕ್ಕೆ ಸೇರಿತು, ಮೀರಿದರೆ ದುಡ್ಡು. ನಾಲ್ಕು ಎಂ.ಬಿ.ಯ ಫೋಟೋ ಎಂದು ಹಿಡಿದರೆ 15 ಜಿ.ಬಿ.ಗೆ ಹಿಡಿಸುವುದು ನಾಲ್ಕು ಸಾವಿರಕ್ಕೂ ಕಡಿಮೆ. ಅದರಲ್ಲೇ ಇ-ಮೇಲ್ ಪತ್ರಗಳಿಗೂ ಜಾಗ ಕೊಡಬೇಕು. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಒಳಗಿನ ಫೋಟೋ ಸಮೇತ ಅಳಿಸಬಹುದು ಎಂಬ ನಿಯಮವೂ 2023ರ ಡಿಸೆಂಬರಿನಿಂದ ಜಾರಿಗೆ ಬಂತು. ತೀರಿಕೊಂಡವರ ಖಾತೆಯನ್ನು ತೆರೆಯುವವರು ಯಾರು, ಹೇಳಿ?

ನಾನು ಇಷ್ಟೆಲ್ಲ ತಿಳಿದುಕೊಳ್ಳಬೇಕಾಗಿ ಬಂದದ್ದು ನನ್ನ ಓರಗಿತ್ತಿಯ ದೆಸೆಯಿಂದ. 2021ರಲ್ಲಿ ಕೊರೊನಾದ ಎರಡನೇ ಅಲೆ ಬಂದಾಗ ನನ್ನ ಮೈದುನ ಹೋಗಿಬಿಟ್ಟರು. ಮಗಳಿಗೆ ಆಗ ಮೂರು ವರ್ಷ. ಅವರ ಫೋನು ಮಾತ್ರ ಮನೆಗೆ ಬಂತು. ಅದಕ್ಕೆ ಹಾಕಿದ ಗುಟ್ಟಿನ ಗೆರೆ ಅವರ ಜೊತೆಯಲ್ಲೇ ಹೋಯಿತು. ಓರಗಿತ್ತಿ ಅದನ್ನು ಬೀರುವಿನಲ್ಲಿಟ್ಟುಕೊಂಡು, ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ, ಯಾವತ್ತಾದರೂ ತೆರೆದೀತು ಎಂದು ಕಾಯುತ್ತಿದ್ದಳು. ಕೊನೆಗೆ ಒಂದು ಮೊಬೈಲ್ ಅಂಗಡಿಯವರು ತೆರೆದುಕೊಡುತ್ತೇವೆ ಎಂದರು. ತೆರೆದೂ ಕೊಟ್ಟರು. ಆದರೆ ಒಳಗಿದ್ದದ್ದೆಲ್ಲ ಅಳಿಸಿಹೋಗಿ, ಫೋನು ಹೊಸದರ ಹಾಗೆ ಖಾಲಿಯಾಗಿತ್ತು. ಅದರ ನಕಲು ಬೇರೆಲ್ಲೂ ಇರಲಿಲ್ಲ.

ಗೋಡೆಯ ಮೇಲೆ ಹಾರ ಹಾಕಿದ ಪಟವೊಂದಿದೆ. ಅದು ಗುರುತಿನ ಚೀಟಿಯ ಫೋಟೋ ದೊಡ್ಡದು ಮಾಡಿಸಿದ್ದು. ಮಗುವಿಗೆ ಎರಡನೇ ಕ್ಲಾಸಿನಲ್ಲಿ 'ನನ್ನ ಕುಟುಂಬ' ಅಂತ ಒಂದು ಹಾಳೆ ಮಾಡಿಕೊಂಡು ಬರಲು ಹೇಳಿದರು. ಆ ಪಟವನ್ನೇ ಚಿಕ್ಕದು ಮಾಡಿಸಿ ಅಂಟಿಸುತ್ತಿದ್ದಾಗ ಅವಳು ಕೇಳಿದಳು: "ದೊಡ್ಡವ್ವ, ಅಪ್ಪ ಯಾವಾಗ್ಲೂ ಹಿಂಗೇ ಸಿಟ್ಟಾಗಿ ಇರೋದಾ?" ಉಯ್ಯಂಬಳ್ಳಿ ಹೋಬಳಿಗೆಲ್ಲ ನಗುಮುಖದವನು ಎಂದು ಹೆಸರಾಗಿದ್ದ ಮನುಷ್ಯ! ಗುರುತಿನ ಚೀಟಿಯಲ್ಲಿ ಯಾರು ತಾನೆ ನಗುತ್ತಾರೆ?

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಶನಿವಾರ ಬಂದವಳ ಹತ್ತಿರ ಈ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕಪ್ಪನ ಫೋಟೋ ಅವರ ಫೋನಲ್ಲಿ ಹೋದರೆ ಹೋಗ್ಲಿ ದೊಡ್ಡವ್ವ, ನೆಂಟರಿಷ್ಟರ ಫೋನುಗಳಲ್ಲಿ ಇದ್ದೇ ಇರ್ತವೆ. ಎಲ್ಲಾನೂ ಒಂದು ಕಡೆ ತರಿಸೋಣ. ಆದರೆ ವಾಟ್ಸಾಪಿನಲ್ಲಿ ಬೇಡ. ನಮ್ಮ ಮನೇಲೇ ಒಂದು ಸರ್ವರ್ ಇಟ್ಕಳನ" ಎಂದಳು. ವಾಟ್ಸಾಪ್ ಯಾಕೆ ಬೇಡ ಎಂದರೆ, ಮಾಮೂಲಾಗಿ ಕಳಿಸಿದ ಫೋಟೋವನ್ನು ಅದು ಕುಗ್ಗಿಸಿ ಕಳಿಸುತ್ತದೆ. ಎಚ್.ಡಿ. ಎಂದು ಒತ್ತಿ ಕಳಿಸುವ ಸೌಕರ್ಯ 2023ರಲ್ಲಿ ಬಂದಿದ್ದರೂ ನಮ್ಮಲ್ಲಿ ಅದನ್ನು ಒತ್ತುವವರು ಕಡಿಮೆ. ಅದೂ ಅಲ್ಲದೆ ಗುಂಪಿನಲ್ಲಿ ಬಿದ್ದ ಫೋಟೋ ಸಂತೆಯಲ್ಲಿ ಬಿದ್ದ ಕಾಸಿನಂತೆ. ಯಾರ ಕೈಗೆ ಹೋಯಿತೋ ಗೊತ್ತಾಗುವುದಿಲ್ಲ.

ಸರ್ವರ್ ಎಂದರೆ ನಾನು ಬ್ಯಾಂಕಿನಲ್ಲಿ ಪದೇ ಪದೇ 'ಡೌನ್' ಆಗುವ ವಸ್ತು ಅಂತಲೇ ತಿಳಿದಿದ್ದೆ. ಹಾಗೇನಿಲ್ಲ. ಹಗಲೂ ರಾತ್ರಿ ಎಚ್ಚರವಾಗಿದ್ದು, ಕೇಳಿದವರಿಗೆ ಕೇಳಿದ್ದನ್ನು ತೆಗೆದುಕೊಡುವ ಕಂಪ್ಯೂಟರೇ ಸರ್ವರ್. ಅದಕ್ಕೆ ದೊಡ್ಡ ಕಟ್ಟಡ ಬೇಡ. ಹಳೆಯ ಲ್ಯಾಪ್‌ಟಾಪ್ ಸಾಕು.

ಫೋಟೋ ಇಡುವುದಕ್ಕೆಂದೇ ಪುಕ್ಕಟೆ ಸಿಗುವ ತಂತ್ರಾಂಶಗಳು ಹಲವು ಇವೆ. ನಮ್ಮ ಹುಡುಗಿ ಆರಿಸಿದ್ದು ಇಮ್ಮಿಚ್ ಎಂಬುದನ್ನು. ಅದು ಹುಟ್ಟಿದ ಕಥೆ ಕೇಳಿ ನನಗೆ ಬಹಳ ಇಷ್ಟವಾಯಿತು. ಅಲೆಕ್ಸ್ ಟ್ರಾನ್ ಎಂಬ ಎಂಜಿನಿಯರ್, ಹೆಂಡತಿ, ಆಗ ತಾನೇ ಹುಟ್ಟಿದ ಕೂಸು. ಕೂಸಿನ ಫೋಟೋಗಳು ರಾಶಿಯಾಗುತ್ತಿದ್ದವು. ಇವನ್ನು ಇಡುವುದಕ್ಕೆ ಇನ್ನೊಬ್ಬರಿಗೆ ದುಡ್ಡು ಕಟ್ಟಿ ಸಾಕಾಯಿತು, ನನಗೋಸ್ಕರ ಏನಾದರೂ ಮಾಡಬೇಕು ಅಂತೀಯಲ್ಲ, ಇದನ್ನೇ ಮಾಡಿಕೊಡು ಎಂದು ಹೆಂಡತಿ ಕೇಳಿದಳಂತೆ. ಆತ 2022ರಲ್ಲಿ ಕೆಲಸ ಶುರು ಮಾಡಿದ. ಮಾಡಿದ್ದನ್ನು ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಎಲ್ಲರಿಗೂ ತೆರೆದಿಟ್ಟ. ಎಷ್ಟೋ ಜನ ಕೈ ಹಚ್ಚಿದರು. 2025ರ ಅಕ್ಟೋಬರಿನಲ್ಲಿ, ಇನ್ನು ಇದು ಗಟ್ಟಿಯಾಯಿತು ಎಂದು ಎರಡನೇ ಆವೃತ್ತಿ ಹೊರಗೆ ಬಂತು. ನಾವು ಹಾಕಿಕೊಂಡದ್ದು ಅದಾದ ಮೇಲೆ. ನನ್ನ ಯಜಮಾನರಿಗೆ ಈ ಕಥೆ ಹೇಳಿ, "ನೋಡಿ, ಹೆಂಡತಿ ಕೇಳಿದ್ದಕ್ಕೆ ಲೋಕಕ್ಕೇ ಉಪಕಾರವಾಯಿತು. ನಾನು ಕೇಳಿದ ನಲ್ಲಿ ರಿಪೇರಿ ಇನ್ನೂ ಆಗಲಿಲ್ಲ" ಎಂದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ!

ಅಡುಗೆಯ ಪುಟದಲ್ಲಿ ಬರೆಯುವಂತೆ ಬೇಕಾಗುವ ಸಾಮಾನು ಮೊದಲು ಹೇಳಿಬಿಡುತ್ತೇನೆ. ಒಂದು ಹಳೆಯ ಲ್ಯಾಪ್‌ಟಾಪ್. ನಮ್ಮದು ಹುಡುಗಿ ಕಾಲೇಜಿನಲ್ಲಿ ಬಳಸಿದ್ದು, ಪರದೆಯ ಮೂಲೆ ಒಡೆದಿದೆ, 8 ಜಿ.ಬಿ. ಮೆಮೊರಿ. ಒಂದೊಂದು ಟಿ.ಬಿ.ಯ ಎರಡು ಹಾರ್ಡ್‌ಡಿಸ್ಕ್, ನಾಲ್ಕು ಎಂ.ಬಿ. ಲೆಕ್ಕದಲ್ಲಿ ಒಂದು ಟಿ.ಬಿ.ಗೆ ಎರಡೂವರೆ ಲಕ್ಷ ಫೋಟೋ ಹಿಡಿಸುತ್ತೆ, ವೀಡಿಯೋ ಸೇರಿದರೆ ಅಷ್ಟಿಲ್ಲ. ಮನೆಗೆ ಬಂದಿರುವ ಇಂಟರ್‌ನೆಟ್ ತಂತಿ ಮತ್ತು ವೈಫೈ ಪೆಟ್ಟಿಗೆ. ಒಂದು ನೋಟ್ ಪುಸ್ತಕ. ತಾಳ್ಮೆ, ಬೇಕಾದಷ್ಟು.

ಮಾಡುವ ವಿಧಾನ ಹೀಗೆ. ಲ್ಯಾಪ್‌ಟಾಪಿನಲ್ಲಿದ್ದದ್ದನ್ನೆಲ್ಲ ತೆಗೆದು ಲಿನಕ್ಸ್ ಹಾಕಿದಳು. ಅದಕ್ಕೂ ದುಡ್ಡಿಲ್ಲ. ಅದರ ಮೇಲೆ ಡಾಕರ್ ಎಂಬುದೊಂದು. ಅದು ಊಟದ ಕ್ಯಾರಿಯರ್ ಇದ್ದ ಹಾಗೆ. ಸಾರು ಪಲ್ಯಕ್ಕೆ ಸೇರದಂತೆ ಒಂದೊಂದು ಡಬ್ಬಿಯಲ್ಲಿ ಒಂದೊಂದು. ಇಮ್ಮಿಚ್ ನಾಲ್ಕು ಡಬ್ಬಿಯಲ್ಲಿ ಬರುತ್ತದೆ. ಒಂದು ನಮಗೆ ಫೋಟೋ ತೋರಿಸುವುದು, ಒಂದು ಮುಖ ಗುರುತು ಹಿಡಿಯುವುದು, ಒಂದು ಲೆಕ್ಕದ ಪುಸ್ತಕ, ಇನ್ನೊಂದು ಮುಂದೆ ಮಾಡಬೇಕಾದ ಕೆಲಸಗಳ ಚೀಟಿ ಇಟ್ಟುಕೊಳ್ಳುವುದು. ಇಮ್ಮಿಚ್‌ನವರೇ ಬರೆದುಕೊಟ್ಟಿರುವ ಚೀಟಿಯಲ್ಲಿ ಫೋಟೋ ಎಲ್ಲಿಡಬೇಕು, ಗುಟ್ಟಿನ ಪದ ಯಾವುದು ಎಂಬುದನ್ನು ಮಾತ್ರ ತಿದ್ದಿ, ಒಂದು ಸಾಲಿನ ಆಜ್ಞೆ ಕೊಟ್ಟಳು. ನಾನು ಒಂದು ಪಾವು ಅಕ್ಕಿ ಆರಿಸಿ ಮುಗಿಸುವಷ್ಟರಲ್ಲಿ ಕೆಲಸ ಆಗಿತ್ತು. ಆಮೇಲೆ ನಮ್ಮ ಮೊಬೈಲುಗಳಿಗೆ ಅದರ ಆ್ಯಪ್ ಹಾಕಿ, ಮನೆಯ ಸರ್ವರಿನ ವಿಳಾಸ ಕೊಟ್ಟರಾಯಿತು. ರಾತ್ರಿ ಚಾರ್ಜಿಗೆ ಹಾಕಿ ಮಲಗಿದರೆ ಅವತ್ತಿನ ಫೋಟೋಗಳು ತಾವಾಗಿಯೇ ಉಗ್ರಾಣ ಸೇರುತ್ತವೆ.

ಮುಖ ಗುರುತು ಹಿಡಿಯುವ ಕೆಲಸವೂ ನಮ್ಮ ಪೆಟ್ಟಿಗೆಯೊಳಗೇ ನಡೆಯುತ್ತದೆ, ಮುಖಗಳು ಹೊರಗೆ ಹೋಗುವುದಿಲ್ಲ. ಅದು ನನ್ನನ್ನೂ ನನ್ನ ತಂಗಿಯನ್ನೂ ಒಬ್ಬಳೇ ಎಂದು ಒಂದು ಕಡೆ ಹಾಕಿತ್ತು. ಬೇರೆ ಮಾಡಿ ಹೇಳಿಕೊಟ್ಟೆವು. ತಂಗಿಗೆ ಇನ್ನೂ ಅದರ ಮೇಲೆ ಕೋಪ.

ಯಜಮಾನರ ಆಕ್ಷೇಪಣೆ ಕರೆಂಟಿನದು. "ಹಗಲೂ ರಾತ್ರಿ ಉರಿಸ್ತೀರಲ್ಲ, ಗೃಹಜ್ಯೋತಿ ಲೆಕ್ಕ ಮೀರಿದರೆ?" ಎಂದರು. ಅವರು ಕೇಳಿದ್ದರಲ್ಲೂ ನ್ಯಾಯವಿತ್ತು. 200 ಯೂನಿಟ್‌ವರೆಗೆ ಉಚಿತ ಎಂದರೂ ನಮಗೆ ಸಿಗುವುದು ನಮ್ಮ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ನೂರಕ್ಕೆ ಹತ್ತು ಮಾತ್ರ. ಹುಡುಗಿ ಲೆಕ್ಕ ಹಾಕಿದಳು. ಪರದೆ ಮುಚ್ಚಿಟ್ಟ ಲ್ಯಾಪ್‌ಟಾಪಿಗೆ ಹೆಚ್ಚೆಂದರೆ 20 ವಾಟ್. ದಿನಕ್ಕೆ ಅರ್ಧ ಯೂನಿಟ್, ತಿಂಗಳಿಗೆ ಹದಿನೈದರ ಒಳಗೆ. ಹಿತ್ತಿಲಲ್ಲಿ ರಾತ್ರಿಯೆಲ್ಲ ಉರಿಯುತ್ತಿದ್ದ ಹಳೆಯ ಬಲ್ಬನ್ನು ಎಲ್.ಇ.ಡಿ.ಗೆ ಬದಲಾಯಿಸಿದ್ದಕ್ಕೆ ಅದು ಸರಿಹೋಯಿತು. ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಅನುಕೂಲ ಉಂಟು. ಕರೆಂಟು ಹೋದಾಗ ಅದರ ಬ್ಯಾಟರಿಯೇ ಸ್ವಲ್ಪ ಹೊತ್ತು ಕಾಪಾಡುತ್ತದೆ. ಆದರೆ ಹಳೆಯ ಬ್ಯಾಟರಿ ಉಬ್ಬಿದ್ದರೆ ಖಂಡಿತ ಬಳಸಬೇಡಿ, ತೆಗೆಸಿಬಿಡಿ. ಬೆಂಕಿಗೆ ದಾರಿ.

ಮನೆಯೊಳಗೆ ನೋಡುವುದು ಸುಲಭ. ಕಷ್ಟ ಇರುವುದು ಹೊರಗಿನವರಿಗೆ ತೋರಿಸುವುದರಲ್ಲಿ. ನಮ್ಮಂಥ ಎಷ್ಟೋ ಮನೆಗಳ ಇಂಟರ್‌ನೆಟ್ಟಿಗೆ ಸ್ವಂತ ವಿಳಾಸ ಇರುವುದಿಲ್ಲ. ವಠಾರದ ಹತ್ತು ಮನೆಗಳಿಗೆ ಒಂದೇ ಬಾಗಿಲ ನಂಬರು ಇದ್ದ ಹಾಗೆ, ಪೋಸ್ಟ್‌ಮ್ಯಾನ್ ಗೇಟಿನಲ್ಲೇ ನಿಂತುಬಿಡುತ್ತಾನೆ. ಇದಕ್ಕೆ ಎರಡು ದಾರಿ ಮಾಡಿಕೊಂಡೆವು. ಮನೆಯವರಿಗೆ ಟೇಲ್‌ಸ್ಕೇಲ್ ಎಂಬ ಹಿತ್ತಿಲ ದಾರಿ. ನಮ್ಮ ನಮ್ಮ ಫೋನುಗಳಿಗೆ ಮಾತ್ರ ಗೊತ್ತಿರುವ ಗುಟ್ಟಿನ ಓಣಿ, ಬೇರೆಯವರಿಗೆ ಬಾಗಿಲೇ ಕಾಣುವುದಿಲ್ಲ. ನೆಂಟರಿಗೆ ಮುಂಬಾಗಿಲು. ಅದಕ್ಕೆ ಒಂದು ಹೆಸರು ಕೊಳ್ಳಬೇಕು, ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ನಮ್ಮ ಪೆಟ್ಟಿಗೆಯಿಂದ ಹೊರಗೆ ಹೋಗುವ ಒಂದು ಸುರಂಗದ ದಾರಿಗೆ ಆ ಹೆಸರನ್ನು ಕಟ್ಟಬೇಕು. ಇದು ತಿಳಿದವರೇ ಮಾಡಬೇಕಾದ ಕೆಲಸ. ವೈಫೈ ಪೆಟ್ಟಿಗೆಯಲ್ಲಿ ಬಾಗಿಲನ್ನು ಸುಮ್ಮನೆ ತೆರೆದಿಟ್ಟರೆ ದಾರಿಹೋಕರೆಲ್ಲ ಬಂದು ಚಿಲಕ ಅಲ್ಲಾಡಿಸುತ್ತಾರೆ.

ಎಲ್ಲ ಸಿದ್ಧವಾದ ಮೇಲೆ ಮೈದುನನ ಹೆಸರಿನಲ್ಲಿ ಒಂದು ಆಲ್ಬಮ್ ತೆರೆದೆವು. ಇಮ್ಮಿಚ್‌ನಲ್ಲಿ ಆಲ್ಬಮ್ಮಿಗೆ ಒಂದು ಕೊಂಡಿ ಮಾಡಿ, ಬಂದವರು ತಮ್ಮ ಫೋಟೋವನ್ನೂ ಹಾಕಬಹುದು ಎಂದು ಅನುಮತಿ ಕೊಡಬಹುದು. ಅವರು ಆ್ಯಪ್ ಹಾಕಿಕೊಳ್ಳಬೇಕಾಗಿಲ್ಲ. ಕೊಂಡಿ ಒತ್ತಿ, ಫೋಟೋ ಆರಿಸಿದರೆ ಸಾಕು. "ನಿಮ್ಮ ಫೋನಿನಲ್ಲಿ ಅವನು ಇರುವ ಫೋಟೋ, ಮೂಲೆಯಲ್ಲಿ ನಿಂತಿದ್ದರೂ ಸರಿ, ಹಾಕಿ" ಎಂದು ನಾನೇ ಒಬ್ಬೊಬ್ಬರಿಗೂ ಫೋನು ಮಾಡಿ ಹೇಳಿದೆ. ಮೊದಲನೇ ವಾರ ಏನೂ ಬರಲಿಲ್ಲ. ಆಮೇಲೆ ಅವರ ಸೋದರಮಾವನ ಮಗ ನಾಲ್ಕು ಹಾಕಿದ. ಅದನ್ನು ನೋಡಿದವರು ಇನ್ನೊಬ್ಬರಿಗೆ ಹೇಳಿದರು. ರೇಷ್ಮೆ ಗೂಡಿನ ಮಾರುಕಟ್ಟೆಯ ಗೆಳೆಯರು, ಜೊತೆಯಲ್ಲಿ ಓದಿದವರು, ಯಾವುದೋ ಮದುವೆಯಲ್ಲಿ ಊಟಕ್ಕೆ ಬಡಿಸುತ್ತಿದ್ದಾಗ ತೆಗೆದವರು, ಹೀಗೆ ಒಂದೂವರೆ ತಿಂಗಳಲ್ಲಿ 170 ಫೋಟೋ ಸೇರಿದವು. ನಮ್ಮ ಸುರಂಗದ ದಾರಿಯಲ್ಲಿ 100 ಎಂ.ಬಿ. ಮೀರಿದ ವೀಡಿಯೋ ಬರುವುದಿಲ್ಲ. ಅಂಥದ್ದು ಇದ್ದವರ ಮನೆಗೆ ನಾನೂ ಓರಗಿತ್ತಿಯೂ ಪೆನ್‌ಡ್ರೈವ್ ಹಿಡಿದು ಹೋಗಿ ಬಂದೆವು. ಹೋದ ಕಡೆಯೆಲ್ಲ ಕಾಫಿ, ಅವರ ಮಾತು, ಒಂದಿಷ್ಟು ಕಣ್ಣೀರು.

ಆ ವೀಡಿಯೋಗಳಲ್ಲಿ ಒಂದರಲ್ಲಿ ಮೈದುನ ಸಂಗಮದ ಮರಳಿನ ಮೇಲೆ ಮಗಳನ್ನು ಹೆಗಲಲ್ಲಿ ಕೂರಿಸಿಕೊಂಡು ಓಡುತ್ತಾರೆ. ಓಡುತ್ತಾ ಆನೆಯ ಹಾಗೆ ಕೂಗುತ್ತಾರೆ. ಮಗು ಅದನ್ನು ಎಷ್ಟು ಸಲ ಹಾಕಿಸಿಕೊಂಡು ನೋಡಿದಳೋ ಲೆಕ್ಕವಿಲ್ಲ. ಓರಗಿತ್ತಿ ಮಾತ್ರ ನಮ್ಮೆದುರಿಗೆ ನೋಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಕಣ್ಣು ಊದಿತ್ತು. "ಅಕ್ಕ, ಅವರ ದನಿ ಹೆಂಗಿತ್ತು ಅನ್ನೋದೇ ಮರ್ತೋಗಿತ್ತು ಕಣಕ್ಕ" ಎಂದಳು. ನಾನು ಏನೂ ಹೇಳದೆ ಕಾಫಿ ಲೋಟ ಕೈಗೆ ಕೊಟ್ಟೆ.

ಇನ್ನು ನಮ್ಮ ತಂಗಿಯ ಮಗಳ ವಿಷಯಕ್ಕೆ ಬರುತ್ತೇನೆ. ಅವಳು ಇಷ್ಟು ಶ್ರದ್ಧೆಯಿಂದ ಇದನ್ನು ಮಾಡಿದ್ದಕ್ಕೆ ಅವಳದೇ ಒಂದು ಕಾರಣವೂ ಇತ್ತು. ಅವಳಿಗೆ ಗಂಡು ನೋಡುತ್ತಿದ್ದಾರೆ. ಮೊದಲ ಸಲ ತಂಗಿ ಅವಳ ಮೂರು ಫೋಟೋಗಳನ್ನು ಒಬ್ಬ ದಲ್ಲಾಳಿಗೆ ವಾಟ್ಸಾಪಿನಲ್ಲಿ ಕಳಿಸಿದ್ದಳು. ಸಂಬಂಧ ಕೂಡಿಬರಲಿಲ್ಲ, ಫೋಟೋ ಮಾತ್ರ ಓಡಾಡುತ್ತಲೇ ಇತ್ತು. ಒಂದು ವರ್ಷದ ಮೇಲೆ ಒಂದು ಮದುವೆ ಮನೆಯಲ್ಲಿ ಗುರುತೇ ಇಲ್ಲದ ಹೆಂಗಸೊಬ್ಬರು ಅವಳನ್ನು ನಿಲ್ಲಿಸಿ, "ನೀನು ಹಸಿರು ಸೀರೆ ಹುಡುಗಿ ಅಲ್ವಾ? ನಿನ್ನ ಫೋಟೋ ನಮ್ಮ ಹುಡುಗನ ಫೋನಲ್ಲೂ ಐತೆ" ಎಂದರಂತೆ. ಆ ಹುಡುಗ ಯಾರೋ, ಯಾಕೆ ಇಟ್ಟುಕೊಂಡಿದ್ದಾನೋ! ಹುಡುಗಿ ಮನೆಗೆ ಬಂದು ಊಟ ಮಾಡದೆ ಮಲಗಿದಳು. ಹೆಣ್ಣು ಹೆತ್ತವರಿಗೆ ಈ ಸಂಕಟ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಸಂಬಂಧ ಬೇಡವೆಂದಾದರೆ ಫೋಟೋ ಹಿಂತಿರುಗಿಸುವುದು ಮರ್ಯಾದೆಯಾಗಿತ್ತು. ಲಕೋಟೆಯಲ್ಲಿ ಹಾಕಿ, ಜಾತಕದ ಜೊತೆ ಕಳಿಸುತ್ತಿದ್ದರು. ಮೊಬೈಲಿಗೆ ಹೋದ ಫೋಟೋವನ್ನು ಹಿಂತಿರುಗಿಸುವುದು ಹೇಗೆ?

ಈಗ ಅವಳು ಐದು ಫೋಟೋಗಳ ಆಲ್ಬಮ್ ಮಾಡಿದ್ದಾಳೆ. ಯಾರಾದರೂ ಕೇಳಿದರೆ ಅವರಿಗೆಂದೇ ಒಂದು ಕೊಂಡಿ. ಅದಕ್ಕೆ ಹತ್ತು ದಿನದ ಗಡುವು, ಒಂದು ಗುಟ್ಟಿನ ಪದ. ಆ ಪದವನ್ನು ತಂಗಿ ಹುಡುಗನ ತಾಯಿಗೆ ಫೋನಿನಲ್ಲಿ ಬಾಯಲ್ಲೇ ಹೇಳುತ್ತಾಳೆ. ಇಳಿಸಿಕೊಳ್ಳುವ ಸೌಕರ್ಯ ಕೊಡುವುದಿಲ್ಲ. ಫೋಟೋದ ಜೊತೆಗೆ ಅದನ್ನು ತೆಗೆದ ಜಾಗ, ಹೊತ್ತು ಅಡಗಿ ಕೂತಿರುತ್ತವಂತೆ, ಅದನ್ನೂ ಮರೆಮಾಡಬಹುದು. ಹತ್ತು ದಿನವಾದ ಮೇಲೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ದಲ್ಲಾಳಿ, "ಇದೇನ್ರಮ್ಮ, ಬ್ಯಾಂಕ್ ಲಾಕರ್ರಾ?" ಎಂದು ಸಿಡುಕಿದರು. ಒಂದು ಮನೆಯವರು ಇಷ್ಟೆಲ್ಲ ರಗಳೆ ಬೇಡ ಎಂದು ಸುಮ್ಮನಾದರು. ಇನ್ನೊಬ್ಬ ತಾಯಿ ಮಾತ್ರ, "ನನಗೂ ಒಬ್ಬಳು ಮಗಳಿದ್ದಾಳೆ, ಇದನ್ನು ಹೇಗೆ ಮಾಡಿದ್ರಿ ಹೇಳಿ" ಎಂದು ಕೇಳಿದರು. ಆ ಸಂಬಂಧ ಆಗುತ್ತೋ ಇಲ್ಲವೋ, ಆ ಮಾತು ನಮಗೆ ಹಿಡಿಸಿತು. ತೆರೆದ ಫೋಟೋವನ್ನು ಪರದೆಯ ಮೇಲಿಂದಲೇ ನಕಲು ತೆಗೆದುಕೊಳ್ಳುವವರನ್ನು ಯಾವ ಸರ್ವರೂ ತಡೆಯಲಾರದು. ಮನೆಗೆ ಬೀಗ ಹಾಕಿದರೂ ಕನ್ನ ಹಾಕುವವರು ಇದ್ದಾರೆ. ಹಾಗಂತ ಬೀಗ ಬೇಡ ಎನ್ನುತ್ತೇವೆಯೇ?

ಒಂದು ಸೂಕ್ಷ್ಮ ಹೇಳಬೇಕು. ನಮ್ಮ ಉಗ್ರಾಣದಲ್ಲಿ ಅತ್ತೆ, ನಾನು, ಓರಗಿತ್ತಿ, ನಾದಿನಿ ಎಲ್ಲರಿಗೂ ಬೇರೆ ಬೇರೆ ಖಾತೆ. ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ, ಅವರಾಗಿ ತೋರಿಸಿದರೆ ಉಂಟು. ಆದರೆ ಪೆಟ್ಟಿಗೆಯ ಯಜಮಾನಿಕೆ ಯಾರ ಕೈಯಲ್ಲಿದೆಯೋ ಅವರು ಮನಸ್ಸು ಮಾಡಿದರೆ ಡಿಸ್ಕಿನಲ್ಲಿರುವುದನ್ನೆಲ್ಲ ನೋಡಬಹುದು. ಹಾಗಾಗಿ ಆ ಕೀಲಿಕೈ ಯಾರ ಹತ್ತಿರ ಇರಬೇಕು ಎಂದು ಎಲ್ಲರೂ ಕೂತು ಮಾತಾಡಿದೆವು. ಗಂಡಸರ ಕೈಗೆ ಬೇಡ ಎಂದು ನಾದಿನಿ ನೇರವಾಗಿಯೇ ಹೇಳಿದಳು. ಕೀಲಿ ನನಗೆ ಬಂತು. ಉಗ್ರಾಣದ ಬೀಗದ ಕೈ ಇಟ್ಟುಕೊಂಡವಳಿಗೆ ಇನ್ನೊಬ್ಬರ ಡಬ್ಬದ ಮುಚ್ಚಳ ತೆಗೆಯದ ಸಂಯಮವೂ ಬೇಕು. ಅಷ್ಟು ನಂಬಿಕೆ ಇಲ್ಲದ ಮನೆಯಲ್ಲಿ ಇದನ್ನು ಮಾಡದಿರುವುದೇ ಮೇಲು. ಅಂಥವರಿಗೆ ಎಂಟೆ ಎಂಬ ಇನ್ನೊಂದು ಏರ್ಪಾಡು ಇದೆ. ಮಲಯಾಳದಲ್ಲಿ ಹಾಗೆಂದರೆ 'ನನ್ನ' ಎಂದು ಅರ್ಥವಂತೆ. ಅದರಲ್ಲಿ ಫೋಟೋ ನಮ್ಮ ಫೋನಿನಲ್ಲೇ ಬೀಗ ಹಾಕಿಸಿಕೊಂಡು ಹೊರಡುತ್ತದೆ, ಸರ್ವರ್ ನೋಡಿಕೊಳ್ಳುವವರಿಗೂ ಒಳಗಿರುವುದು ಕಾಣದು. 2024ರಿಂದ ಅದರ ಸರ್ವರನ್ನೂ ಮನೆಯಲ್ಲೇ ಇಟ್ಟುಕೊಳ್ಳಲು ಅವಕಾಶವಿದೆ.

ಸ್ವಂತ ಮನೆ ಎಂದ ಮೇಲೆ ಸೂರು ಸೋರಿದರೂ ನಮ್ಮದೇ ಅಲ್ಲವೇ? ಇಮ್ಮಿಚ್ ತನ್ನ ಲೆಕ್ಕದ ಪುಸ್ತಕದ ನಕಲನ್ನು ರಾತ್ರಿ 2 ಗಂಟೆಗೆ ತಾನೇ ಬರೆದಿಟ್ಟುಕೊಳ್ಳುತ್ತದೆ. ಫೋಟೋಗಳ ನಕಲನ್ನು ನಾವೇ ಮಾಡಬೇಕು. ತಿಳಿದವರು ಹೇಳುವ ಸೂತ್ರ ಇದು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಮನೆಯಲ್ಲಿ. ಬಿತ್ತನೆ ರಾಗಿಯನ್ನು ಒಂದೇ ಮನೆಯಲ್ಲಿಡಬಾರದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದುದೂ ಇದನ್ನೇ. ಎರಡನೇ ಹಾರ್ಡ್‌ಡಿಸ್ಕ್ ಕನಕಪುರದಲ್ಲಿ ತಂಗಿಯ ಮನೆಯಲ್ಲಿರುತ್ತದೆ. ತಿಂಗಳಿಗೊಮ್ಮೆ ಅದು ಚೀಲದಲ್ಲಿ ಬಸ್ಸು ಹತ್ತಿ ಬರುತ್ತದೆ, ಹೊಸದನ್ನು ತುಂಬಿಸಿಕೊಂಡು ವಾಪಸು ಹೋಗುತ್ತದೆ. ಮುಖ್ಯವಾದ ಆಲ್ಬಮ್ಮುಗಳು ಪೆನ್‌ಡ್ರೈವ್‌ನಲ್ಲೂ ಇವೆ. ಕೈತಪ್ಪಿ ಅಳಿಸಿದ ಫೋಟೋ 30 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ, ಅಷ್ಟರೊಳಗೆ ಎತ್ತಿಕೊಳ್ಳಬಹುದು. ಹೊಸ ಆವೃತ್ತಿ ಬಂದಾಗ ಮೊದಲು ನಕಲು ತೆಗೆದು, ಅವರು ಬರೆದ ಸೂಚನೆ ಓದಿ, ಆಮೇಲೆ ಹಾಕಿಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡ ಕೆಲಸ ನೋಟ್ ಪುಸ್ತಕದ್ದು. ಸರ್ವರ್ ಹೇಗೆ ಶುರು ಮಾಡಬೇಕು, ಗುಟ್ಟಿನ ಪದ ಏನು, ಡಿಸ್ಕ್ ಎಲ್ಲಿದೆ ಎಂದು ಕನ್ನಡದಲ್ಲಿ ಬರೆದು ಬೀರುವಿನಲ್ಲಿ ಇಟ್ಟಿದ್ದೇನೆ. ಅದು ಎಲ್ಲಿದೆ ಎಂದು ಓರಗಿತ್ತಿಗೂ ಗೊತ್ತು. ನಾಳೆ ನಾನಿಲ್ಲದಿದ್ದರೂ ಯಾರೂ ಮುಚ್ಚಿದ ಫೋನಿನ ಮುಂದೆ ಕೂತು ಕಾಯಬಾರದು.

ಇದೆಲ್ಲ ಪಟ್ಟಣದವರ ಹುಚ್ಚು ಅಂತ ಯಾರೂ ತಿಳಿಯಬೇಕಾಗಿಲ್ಲ. ತುಮಕೂರಿನ ಕಡೆ ದೇವರಾಯನದುರ್ಗದ ಹತ್ತಿರದ ಹಳ್ಳಿಗಳಲ್ಲಿ ಜನಸ್ತು ಎಂಬ ಸಂಸ್ಥೆಯವರು ಊರವರದೇ ವೈಫೈ ಜಾಲ ಕಟ್ಟಿ, ಊರಿನ ಹೆಂಗಸರು ಹೇಳಿದ ಮಾತು ಕಥೆಗಳನ್ನು ಊರೊಳಗಿನ ಪುಟ್ಟ ಕಂಪ್ಯೂಟರಿನಲ್ಲೇ ಇಡುವ ಕೆಲಸ ಮಾಡುತ್ತಾ ಬಂದಿದ್ದಾರೆ. ಒಂದು ಮನೆಗೆ ಆಗುವುದು ಒಂದು ಸ್ತ್ರೀಶಕ್ತಿ ಸಂಘಕ್ಕೂ ಆಗಬಹುದು.

ನಮಗೆ ಇಷ್ಟೆಲ್ಲ ಆಗದು ಎನ್ನುವ ಸೋದರಿಯರಿಗೆ ಮೂರು ಮಾತು. ಮನೆಯವರೆಲ್ಲರ ಫೋಟೋಗಳನ್ನೂ ಆರು ತಿಂಗಳಿಗೊಮ್ಮೆ ಒಂದು ಹಾರ್ಡ್‌ಡಿಸ್ಕಿಗೆ ತುಂಬಿಸಿ ಬೀರುವಿನಲ್ಲಿಡಿ. ಗೂಗಲ್ ಖಾತೆ ಇದ್ದರೆ ಅದರಲ್ಲಿ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಎಂಬಲ್ಲಿ ನಂಬಿಕೆಯವರೊಬ್ಬರ ಹೆಸರು ಕೊಡಿ. ಬಹಳ ದಿನ ಖಾತೆ ತೆರೆಯದಿದ್ದರೆ ಅವರಿಗೆ ತಿಳಿಸಿ, ನೀವು ಹೇಳಿದ್ದನ್ನು ಅವರಿಗೆ ತಲುಪಿಸುತ್ತಾರೆ. ಇನ್ನು, ವರ್ಷಕ್ಕೆ ಹನ್ನೆರಡೇ ಹನ್ನೆರಡು ಫೋಟೋ ಆರಿಸಿ ಕಾಗದದ ಮೇಲೆ ತೆಗೆಸಿ, ಹಿಂದೆ ತಾರೀಖು, ಊರು, ಹೆಸರು ಬರೆದಿಡಿ. ಕಾಗದಕ್ಕೆ ಗುಟ್ಟಿನ ಪದ ಬೇಡ.

"ನಮ್ಮ ಫೋಟೋದಲ್ಲಿ ಕದಿಯುವಂಥದ್ದು ಏನಿದೆ?" ಎಂದು ನನ್ನನ್ನು ಕೇಳಿದವರಿದ್ದಾರೆ. ಬೇರೆಯವರಿಗೆ ಏನೂ ಇಲ್ಲದಿರಬಹುದು. ಕನಕಪುರದ ಪೇಟೆಯಲ್ಲಿ ಮಾರಿದರೆ ಅದಕ್ಕೆ ಚಿಕ್ಕಾಸೂ ಹುಟ್ಟದು. ಆದರೆ ಮೊನ್ನೆ ಮೈದುನನ ಮಗಳು ಶಾಲೆಯ ಹಾಳೆಯಲ್ಲಿ ಅಂಟಿಸಿದ್ದ ಆ ಗುರುತಿನ ಚೀಟಿಯ ಪಟವನ್ನು ಮೆಲ್ಲಗೆ ಕಿತ್ತು, ಆನೆಯ ಹಾಗೆ ಬಾಯಿ ತೆರೆದ ಅಪ್ಪನ ಫೋಟೋ ಅಂಟಿಸಿದಳು. ಟೀಚರ್ ಏನಂದರು ಎಂದು ಕೇಳಿದೆ. "ನಿಮ್ಮಪ್ಪ ತುಂಬ ತಮಾಷೆ ಅಲ್ವಾ ಅಂದ್ರು ದೊಡ್ಡವ್ವ. ಹೌದು ಅಂದೆ" ಎಂದಳು.